ಎರಡು ಒಲೆ ಎಂದ ಬಾಯಿ

ಮೊಮ್ಮಗಳು ನನ್ನ ಸೆರಗು ಹಿಡಿದು ಎದ್ದು ನಿಲ್ಲಲು ನೋಡುತ್ತಿದ್ದಾಳೆ. ಎರಡು ಸಲ ಬಿದ್ದಳು, ಮೂರನೆಯ ಸಲ ನಿಂತಳು. ನಿಂತು, ಕೋಟೆ ಗೆದ್ದವಳ ಹಾಗೆ ನನ್ನನ್ನು ನೋಡಿ ನಕ್ಕಳು. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಹಲ್ಲು. ಈ ನಾಲ್ಕು ಹಲ್ಲಿನ ಸುದ್ದಿಯನ್ನು ನಾನು ಹಾಲು ಹಾಕುವವನಿಗೆ ಹೇಳಿದ್ದೇನೆ, ಸಿಲಿಂಡರ್ ಇಳಿಸುವವನಿಗೆ ಹೇಳಿದ್ದೇನೆ, ಹಾನಗಲ್ಲ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದ್ದೇನೆ. ಆಕೆ ಪಾಪ, ಕೊನೆಗೆ ಕಿಟಕಿ ಕಡೆ ಮುಖ ತಿರುಗಿಸಿಕೊಂಡಳು.

ಇಂಥ ಹುಡುಗಿ ನನ್ನ ಬಾಯಿಯ ದೆಸೆಯಿಂದ ನಮ್ಮ ಮನೆಗೆ ಬರದೆಯೇ ಹೋಗುತ್ತಿದ್ದಳು. ಅದನ್ನು ಬರೆದಿಡಬೇಕು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ದೊಡ್ಡ ದೊಡ್ಡ ಅಕ್ಷರದಲ್ಲಿ ಬಿಡಿಬಿಡಿಯಾಗಿ ಬರೆಯುತ್ತೇನೆ. ತಪ್ಪಿದ್ದರೆ ಸೊಸೆ ತಿದ್ದುತ್ತಾಳೆ. ಆದರೆ ಅವಳ ವಿಷಯ ಬಂದ ಕಡೆ ಮಾತ್ರ ತಿದ್ದಬೇಡ ಎಂದು ಮೊದಲೇ ಹೇಳಿದ್ದೇನೆ.

ನಮ್ಮದು ಶಿಗ್ಗಾಂವ. ಯಜಮಾನರು ತೀರಿಕೊಂಡು ಬಹಳ ದಿನವಾಯಿತು. ಮಗ ಹೈವೇ ಬದಿಯಲ್ಲಿ ಲಾರಿ, ಟ್ರ್ಯಾಕ್ಟರಿನ ಟಯರು ಪಂಕ್ಚರು ತೆಗೆಯುವ ಅಂಗಡಿ ಇಟ್ಟಿದ್ದಾನೆ. ಸೊಸೆ ಹಿರೇಕೆರೂರಿನ ಕಡೆಯವಳು, ಮನೆಯಲ್ಲೇ ಜಂಪರು ಹೊಲಿಯುತ್ತಾಳೆ. ಅವಳ ಕೈಯ ಹೊಲಿಗೆ ಇಲ್ಲದೆ ನಮ್ಮ ಓಣಿಯಲ್ಲಿ ಒಂದು ಸೀಮಂತ, ಒಂದು ಮದುವೆ ಆಗುವುದಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ.

ಒಂಬತ್ತು ವರ್ಷ ನಾನು ಸುಮ್ಮನೆ ಕೂರಲಿಲ್ಲ. ಸೊಸೆಯನ್ನು ಕರೆದುಕೊಂಡು ಗುಡಿಗೆ ಹೋದೆ, ದರ್ಗಾಕ್ಕೆ ಹೋದೆ. ಹತ್ತಿಮತ್ತೂರಿನ ಹತ್ತಿರ ಬೇರು ಕೊಡುವವರು ಇದ್ದಾರೆ ಎಂದರೆ ಅಲ್ಲಿಗೂ ಹೋದೆ. ಆ ಬೇರನ್ನು ನಸುಕಿನಲ್ಲಿ ಅರೆದು, ಕಷಾಯ ಮಾಡಿ, ಖಾಲಿ ಹೊಟ್ಟೆಗೆ ಕುಡಿಸಿದೆ. ಬೇವಿಗಿಂತ ಕಹಿ. ಅವಳು ಮುಖ ಕಿವುಚದೆ ಲೋಟ ಎತ್ತುತ್ತಿದ್ದಳು. ಮಗ ಆ ಹೊತ್ತಿಗೆ ಅಂಗಡಿಗೆ ಹೊರಟು ನಿಂತಿರುತ್ತಿದ್ದ. ಅವನಿಗೆ ಒಂದು ಗುಟುಕು ಕುಡಿಸಬೇಕೆಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಗಂಡಸಿಗೆ ಯಾರು ಬೇರು ಅರೆಯುತ್ತಾರೆ?

ಬಸುರಿಗೆ ಹಸಿರು ಬಳೆ ಇಡಿಸುವಾಗ ನಮ್ಮಲ್ಲಿ ಮಕ್ಕಳಿದ್ದ ಐದು ಮುತ್ತೈದೆಯರನ್ನು ಕರೆಯುತ್ತಾರೆ. ಬಸುರಿ ತೊಡುವ ಜಂಪರು ನನ್ನ ಸೊಸೆ ಹೊಲಿದಿದ್ದು, ಆದರೆ ಆ ಐದರಲ್ಲಿ ಅವಳಿಲ್ಲ. ಬಳೆ ಇಡುವವಳು ನನ್ನ ಹಳೆಯ ಗೆಳತಿ, ಸವಣೂರಿನ ಬಳೆಗಾರರ ಮನೆಯವಳು, ನಮ್ಮ ಓಣಿಗೆ ಬಂದು ಮೂವತ್ತು ವರ್ಷವಾಗಿರಬೇಕು. ಅವಳೇ ಒಮ್ಮೆ ನನ್ನನ್ನು ಕೇಳಿದಳು.

“ಅಕ್ಕಾ, ನಿನ್ನ ಸೊಸೀನ್ನ ಯಾಕ ಕರೆಯಂಗಿಲ್ಲ?”

“ಕರದ್ರ ಅಕಿಗೇ ಕೆಟ್ಟ ಅನಸ್ತೈತಿ ಬಿಡವಾ.”

“ಅಕಿಗೆ ಕೇಳೀಯೇನ?”

ಕೇಳಿರಲಿಲ್ಲ.

ಆ ವರ್ಷವೇ ನಾನು ಇನ್ನೊಂದು ಕೆಲಸ ಮಾಡಿದೆ. ಹಾನಗಲ್ಲಿನಲ್ಲಿ ನನ್ನ ತಮ್ಮನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಮಗನನ್ನು ಪಕ್ಕಕ್ಕೆ ಕರೆದು, “ಇಕಿನೂ ಇರ್ಲಿ, ಅಕಿನೂ ಬರ್ಲಿ, ತಪ್ಪೇನೈತಿ?” ಎಂದೆ. ಅವನು ಉಣ್ಣುತ್ತಿದ್ದವನು ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದುಹೋದ. ಬಾಗಿಲ ಹಿಂದೆ ಸೊಸೆಯ ಬಳೆಯ ಸಪ್ಪಳವಾಯಿತು.

ಅಲ್ಲಿಂದ ಮುಂದೆ ಮನೆಯಲ್ಲಿ ಏನೋ ಬದಲಾಯಿತು. ನನಗೆ ಸಂಶಯ ಮೊದಲಿನಿಂದಲೂ ಜಾಸ್ತಿ. ಹಾಲಿಗೆ ಬೆರಳು ಅದ್ದಿ ನೋಡದೆ ಒಲೆಯ ಮೇಲೆ ಇಟ್ಟವಳಲ್ಲ ನಾನು. ಗಂಡ ಹೆಂಡತಿ ಮಾತಾಡುತ್ತ ಕುಳಿತಿರುತ್ತಿದ್ದರು, ನಾನು ಹೊಸ್ತಿಲು ದಾಟಿದೊಡನೆ ಮಾತು ನಿಲ್ಲುತ್ತಿತ್ತು. ಜಂಪರಿನ ಅಸ್ತರು ತರುತ್ತೇವೆ ಎಂದು ಇಬ್ಬರೂ ಹುಬ್ಬಳ್ಳಿಗೆ ಹೋದರು, ಬರುವಾಗ ಅಸ್ತರು ಇರಲಿಲ್ಲ. ಸೊಸೆಯ ಟ್ರಂಕಿನಲ್ಲಿ ಸೀರೆಯ ಕೆಳಗೆ ಒಂದು ಪ್ಲಾಸ್ಟಿಕ್ ಫೈಲು. ನಾನು ತೆಗೆದು ನೋಡಿದೆ, ಸುಳ್ಳು ಯಾಕೆ ಹೇಳಲಿ. ಇಂಗ್ಲಿಷ್ ಕಾಗದ. ಒಂದರ ಮೇಲೆ ಮಗ ಸೊಸೆ ಜೋಡಿಯಾಗಿ ತೆಗೆಸಿಕೊಂಡ ಫೋಟೋ ಅಂಟಿಸಿತ್ತು. ಮನೆಯ ಕಂದಾಯದ ರಸೀದಿಯ ನಕಲು ಇತ್ತು. ಫೋಟೋ, ಮನೆಯ ಕಾಗದ, ಹುಬ್ಬಳ್ಳಿ. ಮೂರನ್ನೂ ಕೂಡಿಸಿದೆ. ಇವರು ಬೇರೆ ಮನೆ ಮಾಡುತ್ತಾರೆ! ನನ್ನನ್ನು ಬಿಟ್ಟು ಹೋಗುತ್ತಾರೆ!

ಅದೇ ಹೊತ್ತಿಗೆ ಒಂದು ತಮಿಳು ಸಿನಿಮಾದ ಗದ್ದಲ ಎದ್ದಿತು. ಟೀವಿಯಲ್ಲಿ ನಾಲ್ಕು ಮಂದಿ ಕುಳಿತು ಒಟ್ಟಿಗೇ ಒದರುತ್ತಿದ್ದರು, ಯಾರದೂ ಕೇಳುತ್ತಿರಲಿಲ್ಲ. ತಮಿಳುನಾಡಿನಲ್ಲಿ ಥೇಟರಿನ ಮುಂದೆ ಗಂಡಸರು ಪೋಸ್ಟರು ಹರಿಯುತ್ತಿದ್ದರು. ಸಂಸಾರಸ್ಥರು ನೋಡುವಂಥದ್ದಲ್ಲ, ಗಂಡಸರ ಕುಲಕ್ಕೇ ಅವಮಾನ ಎಂದು ಒಬ್ಬರು, ನೋಡಲೇಬೇಕು ಎಂದು ಇನ್ನೊಬ್ಬರು. ನಮ್ಮ ಭಜನೆಯ ಹೆಂಗಸರ ಬಾಯಿಗೆ ಬರುವ ಹೊತ್ತಿಗೆ ಅದಕ್ಕೆ ಕೈಕಾಲು ಮೂಡಿದ್ದವು.

“ಗಂಡನ್ನ ಬಿಟ್ಟು ಬ್ಯಾರೇದವನ ಕೂಸು ಹಡಿತಾಳಂತ ನೋಡ್ರಿ.”

“ಹಡದು ಗಂಡಗ ತೊಟ್ಟಲಾ ತೂಗಸ್ತಾಳಂತ.”

“ಅತ್ತೀನ್ನ ಮನಿ ಹೊರಗ ಹಾಕ್ತಾಳಂತ!”

ಈ ಕೊನೆಯ ಮಾತು ನನ್ನ ಎದೆಗೆ ನಟ್ಟಿತು. ಬಳೆಗಾರ ಗೆಳತಿ ಅಲ್ಲೇ ಕಟ್ಟೆಯ ಮೇಲೆ ಬಳೆಯ ಮಲಾರ ಬಿಚ್ಚಿಕೊಂಡು ಕುಳಿತಿದ್ದಳು. “ಯಾರ್ ನೋಡೀರಿ ಸಿನೇಮಾ?” ಎಂದು ಕೇಳಿದಳು. ಯಾರೂ ನೋಡಿರಲಿಲ್ಲ. “ನೋಡ್ಲಾರದ ಇಷ್ಟ ಗೊತ್ತಾಗೈತಿ, ನೋಡಿದ್ರ ಇನ್ನೆಷ್ಟ ಗೊತ್ತಾಗತಿತ್ತೋ!” ಎಂದು ನಕ್ಕಳು. ಭಜನೆಯವರು ಅವಳ ಮೇಲೆ ಸಿಟ್ಟಾದರು.

ಅದರ ಮರುದಿನ ಮಧ್ಯಾಹ್ನ ನಾನು ಹಿತ್ತಲಿನಿಂದ ಸಪ್ಪಳ ಮಾಡದೆ ಬಂದೆ. ಸೊಸೆ ಮಿಷನ್ನಿನ ಮುಂದೆ ಕುಳಿತು ಮೊಬೈಲಿನಲ್ಲಿ ಅದೇ ಸಿನಿಮಾ ನೋಡುತ್ತಿದ್ದಳು. ಟೀವಿಯಲ್ಲಿ ತೋರಿಸಿದ ಅದೇ ಗಂಡಸು, ಅದೇ ಸಮುದ್ರದ ದಂಡೆ. ಮಾತು ಕನ್ನಡದಲ್ಲಿ ಕೇಳುತ್ತಿತ್ತು. ನನ್ನ ನೆರಳು ಬಿದ್ದದ್ದೇ ಮೊಬೈಲನ್ನು ಅರಿವೆಯ ಕೆಳಗೆ ತುರುಕಿದಳು. ಅವಳ ಕಣ್ಣು ಒದ್ದೆಯಾಗಿದ್ದವು.

“ಏನದು?” ಎಂದೆ.

“ತೋಳಿನ ಡಿಜೈನ್ ನೋಡಾಕತ್ತಿದ್ನಿರಿ ಅತ್ತಿ.”

ತೋಳಿನ ಡಿಜೈನು ನೋಡಿ ಅಳುವವರನ್ನು ನಾನು ಕಂಡಿರಲಿಲ್ಲ. ಆಗ ನನ್ನ ಲೆಕ್ಕಕ್ಕೆ ನಾಲ್ಕನೆಯದೂ ಕೂಡಿತು. ಇನ್ನು ಅವಳ ಹೆಜ್ಜೆಗೆ ನನ್ನ ಹೆಜ್ಜೆ. ಅವಳು ಅಂಗಡಿಗೆ ಹೋದರೆ ನಾನು ಕಟ್ಟೆಗೆ ಬರುತ್ತಿದ್ದೆ. ಫೋನು ಬಂದರೆ ರುಬ್ಬುವ ಒಳ್ಳು ತೊಳೆಯುವ ನೆಪ ಮಾಡಿ ಕಿಟಕಿ ಕೆಳಗೆ ಕೂರುತ್ತಿದ್ದೆ. ಒಂದೇ ಒಳ್ಳನ್ನು ಒಂದು ದಿನಕ್ಕೆ ನಾಲ್ಕು ಸಲ ತೊಳೆದೆ.

ಈಗ ಒಲೆಯ ಮಾತು ಹೇಳಬೇಕು. ನಮ್ಮ ಕಡೆ ಒಂದು ರೂಢಿ ಇದೆ. ಮಗನ ಮದುವೆಯಾಯಿತೆಂದರೆ, ರೇಷನ್ನು ಹೆಚ್ಚು ಸಿಗಲಿ ಎಂದು ಕಾರ್ಡು ಎರಡು ಮಾಡಿಸುವುದು, ಮಗನದೊಂದು, ತಾಯಿಯದೊಂದು. ವಿಚಾರಿಸಲು ಯಾರಾದರೂ ಬಂದರೆ “ಒಲಿ ಬ್ಯಾರೆ” ಎನ್ನಬೇಕು. ಒಲೆ ಬೇರೆ ಎಂದರೆ ಸಂಸಾರ ಬೇರೆ. ಇಡೀ ಓಣಿ ಹಾಗೇ ಹೇಳುತ್ತದೆ. ಒಂದೇ ಪರಾತದಲ್ಲಿ ಹಿಟ್ಟು ನಾದಿ ಒಂದೇ ಹಂಚಿನ ಮೇಲೆ ರೊಟ್ಟಿ ಹಾಕುವ ಅತ್ತೆ ಸೊಸೆಯರು, ಫೈಲು ಹಿಡಿದವರು ಬಾಗಿಲಿಗೆ ಬಂದೊಡನೆ ಬೇರೆ ಬೇರೆಯಾಗುತ್ತಾರೆ. ನಾನಂತೂ ಒಂದು ಹೆಜ್ಜೆ ಮುಂದೆ. ಪಡಸಾಲೆಯ ಮೂಲೆಯಲ್ಲಿ ಒಂದು ಸಣ್ಣ ಗ್ಯಾಸ್ ಒಲೆ, ಅದರ ಮೇಲೊಂದು ಬೋಗುಣಿ, ಪಕ್ಕಕ್ಕೆ ಖಾರದ ಪುಡಿಯ ಡಬ್ಬಿ ಇಟ್ಟಿದ್ದೆ. ಆ ಒಲೆಯ ಮೇಲೆ ಒಂದು ದಿನವೂ ಚಹಾ ಕಾಸಿಲ್ಲ. ತೋರಿಸಲಿಕ್ಕೆ ಇಟ್ಟ ಒಲೆ ಅದು. ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದೆ.

ಒಂದು ಮಂಗಳವಾರ ಸೊಸೆ ತವರಿಗೆಂದು ಹಿರೇಕೆರೂರಿಗೆ ಹೋಗಿದ್ದಳು, ಸಂಜೆಗೆ ಬರುವವಳು. ಮಗ ಅಂಗಡಿಯಲ್ಲಿ. ಹನ್ನೊಂದರ ಹೊತ್ತಿಗೆ ಕನ್ನಡಕ ಹಾಕಿಕೊಂಡ ಒಬ್ಬಾಕೆ ನೀಲಿ ಬ್ಯಾಗು, ಫೈಲು ಹಿಡಿದುಕೊಂಡು ಬಂದಳು.

“ಮಗಾ ಸೊಸಿ ಇಲ್ಲೇನ್ರಿ ಅಮ್ಮಾರ? ಅವರಿಗೆ ಗುರುವಾರ ಬರ್ತೇನಂತ ಹೇಳಿದ್ದೆ. ಇವತ್ತ ಸವಣೂರಾಗ ಕೆಲಸಾ ಇತ್ತು, ಹಂಗ ಬಂದೆ. ಫೋನ್ ಹತ್ತವಲ್ತು.”

“ಇಲ್ರಿ. ನೀವ್ಯಾರು?”

“ಹಾವೇರಿ ಆಫೀಸಿಂದ್ರಿ. ವಿಷಯಾ ಅವರು ಬಂದ ಮ್ಯಾಲೆ ಮಾತಾಡೋಣಂತ. ಮನೀದು ನಿಮ್ಮನ್ನ ಎರಡ ಮಾತ ಕೇಳ್ಲೇನ್ರಿ?”

ಹಾವೇರಿ ಆಫೀಸು, ಫೈಲು, ಮನೆಯ ವಿಚಾರ. ಇವಳು ರೇಷನ್ ಕಡೆಯವಳೇ. ನನ್ನ ಕಿವಿ ನೆಟ್ಟಗಾದವು. ಕೇಳಮ್ಮಾ ಕೇಳು ಎಂದು ಒಳಗೊಳಗೇ ಅಂದುಕೊಂಡೆ.

“ಮನ್ಯಾಗ ಎಷ್ಟ ಮಂದಿ ಇರ್ತೀರಿ?”

“ನಾ ಒಬ್ಬಾಕೀನ್ರಿ.”

“ಮತ್ತ ಮಗಾ ಸೊಸಿ?”

“ಅವರು ಆ ಕಡೆ, ನಾ ಈ ಕಡೆ. ಒಲಿ ಬ್ಯಾರೆ ಐತ್ರಿ. ಬರ್ರಿ, ತೋರಸ್ತೇನಿ.”

ಕೈ ಹಿಡಿದು ಕರೆದೊಯ್ದು ಒಲೆ ತೋರಿಸಿದೆ. ಆಕೆ ಒಲೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಸೊಸಿ ಊಟಾ ಹಾಕೂದಿಲ್ಲೇನ್ರಿ?”

“ಅಕೀ ಒಲಿ ಅಕೀದು, ನನ್ನ ಒಲಿ ನಂದು. ಮಾತ ಸೈತ ಇಲ್ರಿ ನಮಗ.”

“ಮಗಾ?”

“ಅಂವಾ ಪಂಕ್ಚರ್ ತಗೀತಾನ್ರಿ. ಅವಂದ ಅವಗ ಸಾಲಂಗಿಲ್ಲ. ಈ ಕಡೆ ಹೊರಳೂ ನೋಡಂಗಿಲ್ಲ.”

“ನಿಮ್ಮನ್ನ ಯಾರ ನೋಡ್ಕೋತಾರ ಹಂಗಾರ?”

“ದೇವರು!” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಲ್ಲಿ ನೀರು ಇರಲಿಲ್ಲ.

ಆಕೆ ಎಲ್ಲವನ್ನೂ ಬರೆದುಕೊಂಡಳು. ಹೋಗುವಾಗ ನನ್ನ ಕೈ ಹಿಡಿದು, “ಅಮ್ಮಾರ, ಭಾಳ ತ್ರಾಸ ಕೊಟ್ರ ಹೇಳ್ರಿ, ವಯಸ್ಸಾದವರ ಸಲುವಾಗಿ ಒಂದ ಫೋನ್ ನಂಬರ್ ಐತಿ” ಎಂದು ಚೀಟಿಯಲ್ಲಿ ಬರೆದುಕೊಟ್ಟಳು. ನಾನು ಆ ಚೀಟಿಯನ್ನು ಖಾರದ ಪುಡಿಯ ಡಬ್ಬಿಯ ಕೆಳಗೆ ಇಟ್ಟೆ. ನಾಟಕ ಕಂಪನಿಯಲ್ಲಿ ಇದ್ದಿದ್ದರೆ ನನಗೆ ಒನ್ಸ್ ಮೋರ್ ಬೀಳುತ್ತಿತ್ತು ಎಂದು ಹಿಗ್ಗಿದೆ.

ಸಂಜೆ ಸೊಸೆ ಬಂದಾಗ ಹೆಮ್ಮೆಯಿಂದ ಹೇಳಿದೆ. ಅವಳು ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲಲ್ಲೇ ನಿಂತಳು.

“ಕನ್ನಡಕಾ ಹಾಕ್ಕೊಂಡಿದ್ರೇನ್ರಿ? ನೀಲಿ ಬ್ಯಾಗ?”

“ಹೂಂ. ಒಂದ ಮಾತಿಗೂ ಸಿಕ್ಕೀಬೀಳ್ಲಿಲ್ಲ ನೋಡು ನಾ.”

“ಅತ್ತೀ... ಏನ್ ಮಾಡಿದ್ರಿ ಅತ್ತಿ.”

ಅಷ್ಟೇ ಅಂದಳು. ಒಳಗೆ ಹೋದಳು. ಮಿಷನ್ನಿನ ಸಪ್ಪಳ ಶುರುವಾಯಿತು. ಬಗ್ಗಿ ನೋಡಿದರೆ ಸೂಜಿಯ ಕೆಳಗೆ ಅರಿವೆಯೇ ಇರಲಿಲ್ಲ. ಬರೀ ಕಾಲು ತುಳಿಯುತ್ತಿತ್ತು.

ಮೂರು ದಿನದ ಮೇಲೆ ಮಗನಿಗೆ ಹಾವೇರಿಯಿಂದ ಫೋನು ಬಂತು. ಮಧ್ಯಾಹ್ನ ಎಂದೂ ಮನೆಗೆ ಬರದವನು ಅಂದು ಬಂದ. ಕೈಗೆ ಮೆತ್ತಿದ ಕರಿ ಹಾಗೇ ಇತ್ತು. ಬಯ್ಯುತ್ತಾನೆ ಎಂದುಕೊಂಡೆ, ಬಯ್ಯಲಿಲ್ಲ. ನನ್ನ ಮುಂದೆ ಕುಳಿತ.

“ಅವ್ವಾ, ನಾವು ಒಂದ ಕೂಸಿನ್ನ ದತ್ತಕ ತಗೋಬೇಕಂತ ಅರ್ಜಿ ಹಾಕೇವಿ. ಅವತ್ತ ಬಂದಾಕಿ ಅದರ ಸಲುವಾಗಿ ಮನಿ ನೋಡಾಕ ಬಂದಿದ್ಲು. ಹೆತ್ತ ತಾಯೀನ್ನ ನೋಡ್ಲಾರದ ಮನ್ಯಾಗ ಕೂಸು ಹೆಂಗ ಕೊಡೂದಂತ ಕೇಳ್ಯಾರ. ಅರ್ಜಿ ನಿಂತೈತಿ.”

ಸುಮ್ಮನಿರುವ ಬಾಯಿಯೇ ಇದು? “ನಮ್ಮ ಹೊಟ್ಯಾಗಿನ ಕೂಸ ಬಿಟ್ಟು ಯಾರದೋ ಕೂಸು ಯಾಕ? ಹಾನಗಲ್ಲ ಹುಡುಗಿ...” ಎಂದು ಶುರುಮಾಡಿದೆ.

ಅವನು ಎದ್ದು ಹೆಂಡತಿಯ ಮೊಬೈಲು ತಂದು, ಆ ಸಿನಿಮಾ ಹಚ್ಚಿ, ಸಕ್ಕರೆ ಡಬ್ಬಿಗೆ ಒರಗಿಸಿ ನನ್ನ ಮುಂದೆ ಇಟ್ಟ.

“ಇದನ್ನ ನೋಡು.”

“ಥೂ! ಆ ಹಲ್ಕಟ್ ಸಿನೇಮಾನ?”

“ನೋಡಿ ಬಯ್ಯಿ. ನೋಡ್ಲಾರದ ಬಯ್ಯಬ್ಯಾಡ.”

ನೋಡಿದೆ. ಉಪ್ಪಿನ ಗದ್ದೆಯಲ್ಲಿ ಕೆಲಸ ಮಾಡುವ ಒಬ್ಬ ಗಂಡಸು, ಅವನ ಹೆಂಡತಿ, ಒಬ್ಬ ಮುದುಕಿ. ಮಕ್ಕಳಿಲ್ಲ. ಮುದುಕಿ ಸೊಸೆಯನ್ನು ಗುಡಿಗುಡಿಗೆ ತಿರುಗಿಸುತ್ತಾಳೆ, ಬೂದಿ ತಿನ್ನಿಸುತ್ತಾಳೆ, ಉರಿಬಿಸಿಲಲ್ಲಿ ಉಪ್ಪಿನ ಮೇಲೆ ಬರಿಗಾಲಲ್ಲಿ ನಡೆಸುತ್ತಾಳೆ. ಮುದುಕಿಯ ಮುಖ ಬೇರೆ, ಬಾಯಿ ಮಾತ್ರ ನನ್ನದೇ. ತುಟಿ ಒಂದು ಕಡೆ, ಮಾತು ಒಂದು ಕಡೆ ಹೋಗುತ್ತಿದ್ದರೂ ನನಗೆ ಗುರುತು ಸಿಕ್ಕಿತು. ಆಮೇಲೆ ಆ ಗಂಡಸು ಮಾಡಿನ ಗರಿಯ ಸಂದಿನಿಂದ ಒಂದು ಕಾಗದ ತೆಗೆಯುತ್ತಾನೆ. ಡಾಕ್ಟರ ಕಾಗದ. ಕೊರತೆ ಇರುವುದು ಅವನಲ್ಲಿ. ಬಹಳ ವರ್ಷದಿಂದ ಅವನಿಗೆ ಗೊತ್ತು. ಓದಿ, ಮಡಚಿ, ಮತ್ತೆ ಗರಿಯ ಸಂದಿಗೆ ತುರುಕುತ್ತಾನೆ.

ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿ ಕುಳಿತಿದ್ದ ಮಗ ಎದ್ದ. ಚಹಾದ ಕಪ್ಪು ತುಂಬಿದ್ದು ಹಾಗೇ ಇತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟ.

ಮೊಬೈಲಿನಲ್ಲಿ ಸಿನಿಮಾ ನಡೆದೇ ಇತ್ತು. ಯಾರದೋ ಸೀಮಂತ. ಹೆಂಗಸರು ಸಾಲಾಗಿ ಕುಳಿತು ಬಸುರಿಗೆ ಬಳೆ ತೊಡಿಸುತ್ತಿದ್ದಾರೆ. ಉಪ್ಪಿನ ಗಂಡಸಿನ ಹೆಂಡತಿಯನ್ನು ಎಬ್ಬಿಸಿ ಕಳಿಸುತ್ತಾರೆ. ಆಗ ಅವನು ಬಂದು ಎಲ್ಲರ ನಡುವೆ ಕುಳಿತು ಕೈ ಚಾಚುತ್ತಾನೆ. “ಬಳೆ ನನಗೆ ತೊಡಿಸಿ, ಬಂಜೆ ನಾನು” ಎನ್ನುತ್ತಾನೆ. ಗಂಡಸರೆಲ್ಲ ಸೇರಿ ಅವನನ್ನು ಹೊಡೆಯುತ್ತಾರೆ. ಪೋಸ್ಟರು ಹರಿದದ್ದು ಇದಕ್ಕೆ ಎಂದು ಆಗ ತಿಳಿಯಿತು. ಬೇರೆಯವನ ಕೂಸೂ ಇಲ್ಲ, ಅತ್ತೆಯನ್ನು ಹೊರಗೆ ಹಾಕುವುದೂ ಇಲ್ಲ.

ನಾನು ತಲೆ ಎತ್ತಿದೆ. ಸೊಸೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಎಷ್ಟ ವರ್ಷಾತು ಗೊತ್ತಾಗಿ?”

“ಏಳು.”

“ಏಳು ವರ್ಷಾ? ಮತ್ಯಾಕ ಕುಡದಿ ನಾ ಅರದು ಕೊಟ್ಟಿದ್ದನ್ನ?”

“ಕುಡೀಲಿಲ್ಲಂದ್ರ ಯಾಕಂತ ಕೇಳ್ತಿದ್ರಿ. ಕೇಳಿದ್ರ ಹೇಳಬೇಕಾಗತಿತ್ತು. ಯಾರಿಗೂ ಹೇಳಬ್ಯಾಡ ಅಂದಿದ್ರು ಅವರು.” ಹಿತ್ತಲಿನ ಕಡೆ ನೋಡಿ, “ಅರ್ಧಾ ಕರಿಬೇವಿಗೆ ಹಾಕೇನ್ರಿ ಅತ್ತಿ” ಎಂದಳು.

ಹಿತ್ತಲಿನ ಕರಿಬೇವು ಏಕೆ ಒಣಗಿತೆಂದು ನಾನು ನೆರೆಮನೆಯವರ ಮೇಲೆಲ್ಲ ಸಂಶಯಪಟ್ಟಿದ್ದೆ. ನಗು ಬಂತು. ನಗಲು ಹೋದವಳು ಅತ್ತುಬಿಟ್ಟೆ. ಈ ಸಲ ಸೆರಗು ಖರೇನೇ ಒದ್ದೆಯಾಯಿತು.

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಅಂಗಡಿಗೆ ನಾನೇ ಹೋದೆ. ಮಗ ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿದಿದ್ದ. ತೂತು ಎಲ್ಲಿದೆಯೋ ಅಲ್ಲಿ ಗುಳ್ಳೆ ಏಳುತ್ತದೆ. ಅವನು ಗುಳ್ಳೆಯನ್ನೇ ನೋಡುತ್ತಿದ್ದ, ನನ್ನನ್ನು ನೋಡಲಿಲ್ಲ.

“ಸಿನೇಮಾ ಪೂರಾ ನೋಡಿದೇನ?”

“ನೋಡ್ದೆ.”

“ಹೆಂಗೈತಿ?”

“ತುಟಿ ಒಂದ ಕಡೆ, ಮಾತು ಒಂದ ಕಡೆ. ನಿಂದೂ ಹಂಗ ನಡದಿತ್ತಲ್ಲೋ ಏಳು ವರ್ಷ.”

ಅವನು ಟ್ಯೂಬಿನ ಮೇಲೆ ಬೆರಳಿಟ್ಟುಕೊಂಡೇ ನಕ್ಕ. ಕಣ್ಣು ಮಾತ್ರ ಎತ್ತಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. “ಪಲ್ಲೆ ಆರತೈತಿ, ಲಗೂನ ಉಣ್ಣು. ಉಂಡು ಹಾವೇರಿಗೆ ನಡಿ, ಮೂರೂ ಮಂದಿ ಹೋಗೋಣು” ಎಂದೆ.

ಹಾವೇರಿಯಲ್ಲಿ ಆ ಕನ್ನಡಕದಾಕೆ ನನ್ನ ಮಾತು ನಂಬಲಿಲ್ಲ. ಹೇಗೆ ನಂಬಿಯಾಳು? ಅಂದು ಕಣ್ಣೊರೆಸಿಕೊಂಡವಳು ಇಂದು ಮಗ ದೇವರಂಥವನು, ಸೊಸೆ ಬಂಗಾರ ಎಂದರೆ? ರೇಷನ್ ಕಾರ್ಡಿನ ವಿಷಯ ಹೇಳಿದೆ, ತೋರಿಸಲಿಕ್ಕೆ ಇಟ್ಟ ಒಲೆಯ ವಿಷಯ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು.

“ಅಮ್ಮಾರ, ಯಾವುದು ಖರೇ ಅಂತ ತಿಳೀಲಿ ನಾ? ಮಗಾ ಹೆದರಿಸಿ ಕರಕೊಂಡ ಬಂದಾನೇನ ನಿಮ್ಮನ್ನ?”

ಜನ್ಮವೆಲ್ಲ ಮಂದಿಯ ಮೇಲೆ ಸಂಶಯಪಟ್ಟವಳ ಮೇಲೆ ಮಂದಿ ಸಂಶಯಪಟ್ಟರೆ ಹೇಗಿರುತ್ತದೆ ಎಂದು ಅಂದು ತಿಳಿಯಿತು. ಆಕೆ ಫೈಲು ಮುಚ್ಚಿ, “ಹೇಳ್ಲಾರದ ಬರ್ತೇನಿ. ಬಂದು ನೋಡ್ತೇನಿ” ಎಂದಳು.

ಊರಿಗೆ ಬಂದವಳೇ ಆ ಒಲೆಯನ್ನು ಎತ್ತಿ ಬಳೆಗಾರ ಗೆಳತಿಗೆ ಕೊಟ್ಟೆ. ಸವಣೂರಿನಲ್ಲಿ ಅವಳ ಮಗಳು ಹೊಸದಾಗಿ ಮನೆ ಹೂಡಿದ್ದಳು. ಆಮೇಲೆ ಕಾಯುವ ಕೆಲಸ. ಗೇಟು ಕಿರ್ ಎಂದರೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡುತ್ತಿದ್ದೆ. ಸೊಸೆಯಂತೂ ಮನೆ ಒರೆಸಿದ್ದೇ ಒರೆಸಿದ್ದು. ಒಂದು ತಿಂಗಳ ಮೇಲೆ, ನಾನು ರೊಟ್ಟಿ ಬಡಿಯುತ್ತ, ಸೊಸೆ ಬೇಯಿಸುತ್ತ ಕುಳಿತಿದ್ದಾಗ, ಆಕೆ ನೆಟ್ಟಗೆ ಅಡಿಗೆಮನೆಗೇ ಬಂದು ನಿಂತಳು. ನಾವಿಬ್ಬರೂ ಆಗ ಜಗಳ ಮಾಡುತ್ತಿದ್ದೆವು. ರೊಟ್ಟಿ ದಪ್ಪ ಆಯಿತೆಂದು ಅವಳು, ಹಂಚು ಕಾದಿಲ್ಲವೆಂದು ನಾನು.

“ಆ ಒಲಿ ಎಲ್ಲಿ ಹೋತ್ರಿ ಅಮ್ಮಾರ?”

“ಸವಣೂರಿಗೆ ಹೋತ್ರಿ. ಅಲ್ಲಿ ಖರೇ ಖರೇ ಅಡಗಿ ಮಾಡಾಕತ್ತೈತಿ.”

ಆಕೆ ನಕ್ಕಳು, ಆದರೆ ಕೂಡಲೇ ಮುಖ ಬಿಗಿಮಾಡಿಕೊಂಡು ಇನ್ನೊಂದು ಕೇಳಿದಳು. “ಕೂಸು ನಿಮ್ಮ ರಕ್ತ ಅಲ್ಲ. ಯಾರದಂತ ನಿಮಗ ತಿಳಿಯಂಗಿಲ್ಲ. ಮಮ್ಮಗಳಂತ ಎತ್ತಿಕೋತೀರೇನ್ರಿ ಮನಸಾ?”

ಸೊಸೆ ಹಂಚಿನ ಮೇಲಿನ ರೊಟ್ಟಿ ಬಿಟ್ಟು ನನ್ನ ಕಡೆ ತಿರುಗಿದಳು. ಹೂಂ ಎಂದುಬಿಡಬಹುದಿತ್ತು. ಆದರೆ ಇದೇ ಬಾಯಿಯಿಂದ ಆಕೆಗೆ ಒಮ್ಮೆ ಸುಳ್ಳು ಹೇಳಿದ್ದೆನಲ್ಲ.

“ಗೊತ್ತಿಲ್ರಿ,” ಎಂದೆ. “ಎತ್ತಿಕೊಳ್ಳಾರದ ಹೆಂಗ ಹೇಳ್ಲಿ? ನನಗ ಸಂಶೇ ಜಾಸ್ತಿ. ಮೊದ್ಲ ಕೊಡ್ರಿ, ಎತ್ತಿ ನೋಡ್ತೇನಿ.”

ಆಕೆ ಬಹಳ ಹೊತ್ತು ಬರೆದಳು. ಹೋಗುವಾಗ ಒಂದು ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೋದಳು. ಮಗನ ಅರ್ಜಿ ಮುಂದೆ ಹೋಯಿತು.

ಅದು ಮುಂದೆ ಹೋಗಿ ಎರಡು ವರ್ಷ ಕುಳಿತಿತು. ಆ ಎರಡು ವರ್ಷ ನಾನು ಮತ್ತೆ ಸಂಶಯಪಟ್ಟೆ. ನಮ್ಮನ್ನು ಮರೆತರೋ, ಬೇರೆಯವರಿಗೆ ಕೊಟ್ಟರೋ, ಅಂದು “ಗೊತ್ತಿಲ್ಲ” ಎಂದದ್ದನ್ನು ಕೆಂಪು ಅಕ್ಷರದಲ್ಲಿ ಬರೆದರೋ. ಐದು ತಿಂಗಳ ಹಿಂದೆ ಫೋನು ಬಂತು. ನಾವು ಹೋದೆವು. ಆರು ತಿಂಗಳ ಕೂಸನ್ನು ಒಬ್ಬ ದಾದಿ ತಂದು ಮೊದಲು ಸೊಸೆಯ ಕೈಗೆ ಕೊಟ್ಟಳು, ಆಮೇಲೆ ಮಗನ ಕೈಗೆ. ಆಮೇಲೆ ನನ್ನ ಪಾಳಿ. ಎತ್ತಿಕೊಂಡೆ. ಕೂಸು ನನ್ನ ಮುಖವನ್ನು ಹುಬ್ಬು ಗಂಟಿಕ್ಕಿ ನೋಡಿತು, ಈ ಮುದುಕಿ ನಂಬುವಂಥವಳೋ ಅಲ್ಲವೋ ಎಂದು ಪರೀಕ್ಷೆ ಮಾಡುವ ಹಾಗೆ. ಅದೇ ನೋಟ! ನನ್ನದೇ ನೋಟ! “ಇದು ನಮ್ಮ ಮನೀದ ಐತಿ” ಎಂದು ಅಲ್ಲೇ ಒದರಿದೆ. ಆಫೀಸಿನವರೆಲ್ಲ ತಿರುಗಿ ನೋಡಿದರು.

ತೊಟ್ಟಿಲ ಕಾರ್ಯಕ್ಕೆ ಓಣಿಯವರೆಲ್ಲ ಬಂದರು. ಉಡಿ ತುಂಬಿಸಿಕೊಂಡರು, ಕೂಸಿನ ಮೂಗು ನೋಡಿದರು, ಬಣ್ಣ ನೋಡಿದರು, ಕಣ್ಣಲ್ಲೇ ಒಬ್ಬರನ್ನೊಬ್ಬರು ಕೇಳಿಕೊಂಡರು. ನನಗೆ ಆ ಕಣ್ಣುಗಳ ಭಾಷೆ ಬರುತ್ತದೆ, ನಾನೇ ಕಲಿಸಿದ ಭಾಷೆ ಅದು. ಬಳೆಗಾರ ಗೆಳತಿಯನ್ನು ಕರೆದು ಸೊಸೆಯ ಎರಡೂ ಕೈಗೆ ಹಸಿರು ಬಳೆ ಇಡು ಎಂದೆ. ಭಜನೆಯ ಹಿರಿಯಳೊಬ್ಬಳು, “ಹಡದಾಕಿ ಅಲ್ಲಲ್ಲವಾ...” ಎಂದು ರಾಗ ತೆಗೆದಳು.

ಆಗ ನನ್ನ ಮಗ ಹೆಂಗಸರ ನಡುವೆ ಬಂದು ಹೆಂಡತಿಯ ಪಕ್ಕಕ್ಕೆ ಕುಳಿತ. ಟಯರಿನ ಕರಿ ಉಗುರಲ್ಲಿ ಉಳಿದಿದ್ದ ಕೈಯನ್ನು ಗೆಳತಿಯ ಮುಂದೆ ಚಾಚಿದ.

“ನನಗೂ ಇಡ್ರಿ ಮಾವಶಿ. ಕೊರತಿ ಇದ್ದಿದ್ದು ನನ್ನ ಕಡೀನ.”

ಗೆಳತಿ ಅವನ ಮಣಿಕಟ್ಟನ್ನು ಹಿಡಿದು, ಹಿಂದೆ ಮುಂದೆ ಹೊರಳಿಸಿ ನೋಡಿದಳು.

“ಇಡ್ತಿದ್ನಪಾ. ಇಷ್ಟ ದೊಡ್ಡ ಅಳತೀದು ಸವಣೂರಾಗೂ ಸಿಗಂಗಿಲ್ಲ, ಹುಬ್ಬಳ್ಳ್ಯಾಗೂ ಸಿಗಂಗಿಲ್ಲ. ಟ್ರ್ಯಾಕ್ಟರ್ ಟ್ಯೂಬ ಹಾಕ್ಕೋ!”

ಮೊದಲು ಸೊಸೆ ನಕ್ಕಳು. ಒಂಬತ್ತು, ಹತ್ತು, ಹನ್ನೆರಡು ವರ್ಷದಲ್ಲಿ ಅವಳು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಎಲ್ಲರೂ. ಭಜನೆಯ ಹಿರಿಯಳು ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ, ಕೂಸು ನನ್ನ ಮೂಗುತಿ ಹಿಡಿದು ಎಳೆಯುತ್ತಿತ್ತು.

ಕಳೆದ ವಾರ ಒಬ್ಬ ಗಂಡಸು ಕೈಯಲ್ಲೊಂದು ಸಣ್ಣ ಟೀವಿಯಂಥದ್ದು ಹಿಡಿದುಕೊಂಡು ಬಾಗಿಲಿಗೆ ಬಂದ. ಕುತ್ತಿಗೆಯಲ್ಲಿ ಪಟ್ಟಿ ನೇತಾಡುತ್ತಿತ್ತು. ಕೂಸು ಬಂದ ಮೇಲೂ ಆಗಾಗ ಬಂದು ನೋಡುತ್ತೇವೆ ಎಂದು ಹಾವೇರಿಯವರು ಹೇಳಿದ್ದರು. ಇವನು ಅವರ ಕಡೆಯವನೋ, ರೇಷನ್ ಕಡೆಯವನೋ? ಅಡಿಯಿಂದ ಮುಡಿಯವರೆಗೆ ನೋಡಿದೆ, ಗುರುತು ಹತ್ತಲಿಲ್ಲ. ಮೊಮ್ಮಗಳು ನನ್ನ ಸೊಂಟದ ಮೇಲೆ ಕುಳಿತು ಅವನನ್ನು ಹುಬ್ಬು ಗಂಟಿಕ್ಕಿ ನೋಡಿದಳು. ಅವಳಿಗೂ ಹತ್ತಲಿಲ್ಲ.

“ಎಷ್ಟ ಮಂದಿ ಇರ್ತೀರಿ ಅಜ್ಜಿ? ಒಲಿ ಎಷ್ಟು?”

“ನಾಕ ಮಂದಿ,” ಎಂದೆ. “ಒಲಿ ಒಂದು. ಒಳಗ ಬಂದು ನೋಡ್ರಿ ಬೇಕಾರ. ಇಕಿ ನನ್ನ ಮಮ್ಮಗಳು. ನಾಕ ಹಲ್ಲ ಬಂದಾವು.”

ಅವನು ಒತ್ತಿ ಒತ್ತಿ ಏನೋ ಬರೆದುಕೊಂಡು ಹೋದ. ಸೊಸೆ ಒಳಗಿನಿಂದ ಓಡಿ ಬಂದಳು.

“ಅತ್ತೀ, ಅಂವಾ ರೇಷನ್ ಕಾರ್ಡಿನಾಂವ್ರಿ! ನಿಮ್ಮ ಕಾರ್ಡು ಹೋತಲ್ರಿ!”

“ಹೋಗ್ಲಿ ಬಿಡು,” ಎಂದೆ. “ನೀ ಹಂಚ ಇಡು, ಹಿಟ್ಟ ನಾದೇನಿ.”